ಫೋಟೊ ದೊಡ್ಡದು ಮಾಡಿಸೋ ಮುಂಚೆ ಇಂಕ್ ಯಾವುದು ಅಂತ ಕೇಳಿ

ಅಪ್ಪನ ಷಷ್ಟ್ಯಬ್ದಿಯ ಫೋಟೊ ಒಂದನ್ನು 12ಕ್ಕೆ 18 ಇಂಚಿನ ಅಳತೆಯಲ್ಲಿ ಇಂಕ್‌ಜೆಟ್ ಪ್ರಿಂಟ್ ಹಾಕಿಸಿದೆವು. ಮೈಸೂರಿನ ಅಂಗಡಿಯೇ, ಹೆಸರು ಬೇಡ. ಒಳಗೆ ಟ್ಯೂಬ್‌ಲೈಟ್ ಬೆಳಕಲ್ಲಿ ಪರವಾಗಿಲ್ಲ ಅನ್ನಿಸಿತು. ಹೊರಗೆ ತಂದು ನೋಡಿದರೆ ಅಮ್ಮನ ರಾಯಲ್ ಬ್ಲೂ ಮೈಸೂರು ಸಿಲ್ಕ್ ಸೀರೆ ನೇರಳೆ! ಅಪ್ಪನ ಪಂಚೆ ಬೆಳ್ಳಗೇ ಇತ್ತು, ಆದರೆ ನೆರಿಗೆಯ ಸಂದಿಗಳಲ್ಲೆಲ್ಲ ತೆಳು ಗುಲಾಬಿ. ನರೆತ ಕೂದಲಿಗೂ ಅದೇ ಬಣ್ಣ.

"ಸಾರ್, ಸ್ಕ್ರೀನ್ ಬೇರೆ, ಪ್ರಿಂಟ್ ಬೇರೆ" ಅಂದರು ಅಂಗಡಿಯವರು. ಅದು ಅರ್ಧ ನಿಜ. ಸ್ಕ್ರೀನು ಕೆಂಪು, ಹಸಿರು, ನೀಲಿ ಬೆಳಕು ಸೇರಿಸಿ ಬಣ್ಣ ತೋರಿಸುತ್ತದೆ. ಪ್ರಿಂಟರಿನ ಕೈಯಲ್ಲಿರೋದು ಸಯಾನ್ (ಹಸಿರು ಛಾಯೆಯ ತಿಳಿನೀಲಿ), ಮೆಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು. ಬಿಳಿ ಅಂದರೆ ಇಂಕ್ ಬೀಳದ ಪೇಪರ್, ಅಷ್ಟೇ. ನೀಲಿ ಬರಬೇಕಾದರೆ ಸಯಾನ್ ಜೊತೆ ಮೆಜೆಂಟಾ ಸೇರಬೇಕು. ಮೆಜೆಂಟಾ ಚೂರು ಜಾಸ್ತಿಯಾದರೂ ನೇರಳೆ. ಗಾಢ ನೀಲಿ ಒಳ್ಳೆ ಪ್ರಿಂಟರಿಗೂ ಕಷ್ಟವೇ. ಜರಿಯಂತೂ ಬಿಡಿ, ಚಿನ್ನದ ಇಂಕ್ ಎಲ್ಲಿಂದ ತರ್ತಾರೆ?

ಪಂಚೆಗೆ ಮಾತ್ರ ಆ ನೆಪ ನಡೆಯಲ್ಲ. ಇಂಕುಗಳು ಸರಿಯಾದ ಹದದಲ್ಲಿ ಬಿದ್ದರೆ ನೆರಿಗೆಯ ನೆರಳು ಬೂದು ಬಣ್ಣಕ್ಕೆ ಬರಬೇಕು. ಗುಲಾಬಿ ಬಂದಿದೆ ಅಂದರೆ ಹದ ತಪ್ಪಿದೆ ಅಂತಲೇ. ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟರು: ತುಂಬಿದ್ದು ಪ್ರಿಂಟರ್ ಕಂಪನಿಯ ಇಂಕಲ್ಲ, ಕಡಿಮೆ ರೇಟಿನ ಕಂಪ್ಯಾಟಿಬಲ್ ಬಾಟಲಿ. ಪೇಪರೂ ಬೇರೆ ಯಾರದ್ದೋ. ಯಾವ ಪೇಪರಿಗೆ ಯಾವ ಇಂಕ್ ಎಷ್ಟು ಬಿಡಬೇಕು ಅನ್ನೋ ಲೆಕ್ಕ ಕಲರ್ ಪ್ರೊಫೈಲ್‌ನಲ್ಲಿರುತ್ತದೆ. ಇಂಕ್, ಪೇಪರ್ ಎರಡನ್ನೂ ಬದಲಾಯಿಸಿ ಹಳೇ ಪ್ರೊಫೈಲೇ ಇಟ್ಟುಕೊಂಡರೆ ಇನ್ನೇನಾಗುತ್ತೆ? ನಮಗೆ ಬಿಲ್ ಮಾಡಿದ್ದು ಮಾತ್ರ ಒರಿಜಿನಲ್ ಇಂಕಿನ ರೇಟಿಗೆ.

ಅಷ್ಟಕ್ಕೇ ಮುಗಿಯಲಿಲ್ಲ. "ಗಾಜು ಬೇಡ, ಲುಕ್ ಹೋಗುತ್ತೆ" ಅಂತ ಅವರೇ ಹೇಳಿ, ಗಾಜಿಲ್ಲದೆ ಫ್ರೇಮ್ ಹಾಕಿಕೊಟ್ಟಿದ್ದರು. ಮುಂದಿನ ಬೇಸಿಗೆ ಹೊತ್ತಿಗೆ ಸಯಾನ್ ಹಾರಿಹೋಗಿ, ಹಾಲ್‌ನಲ್ಲಿದ್ದ ಫೋಟೊ ಕಿತ್ತಳೆ ಬಣ್ಣಕ್ಕೆ ತಿರುಗಿತು. ಡೈ ಇಂಕಿಗೆ, ಅಂದರೆ ಬಣ್ಣ ಪೂರ್ತಿ ಕರಗಿರುವ ಇಂಕಿಗೆ, ಬೆಳಕಷ್ಟೇ ಅಲ್ಲ, ಗಾಳಿಯಲ್ಲಿರುವ ಓಝೋನ್ ಕೂಡ ಆಗಿಬರಲ್ಲ. ಬೇಗ ಒಣಗುವ ಸೂಕ್ಷ್ಮ ರಂಧ್ರಗಳ ಫೋಟೊ ಪೇಪರಿನಲ್ಲಿ ಗಾಳಿ ಸುಲಭವಾಗಿ ಒಳಗಿಳಿಯುತ್ತದೆ. ಅಗ್ಗದ ಇಂಕಾದರೆ ಕೇಳಲೇಬೇಡಿ. ಬಣ್ಣ ಕರಗದೆ ಸಣ್ಣ ಕಣಗಳಾಗಿರುವ ಪಿಗ್ಮೆಂಟ್ ಇಂಕ್ ಸಾಮಾನ್ಯವಾಗಿ ಜಾಸ್ತಿ ಬಾಳುತ್ತದೆ, ರೇಟೂ ಜಾಸ್ತಿ. ಡೈ ಆದರೂ ಕಂಪನಿಯದ್ದಾಗಿದ್ದು, ಗಾಜಿನ ಹಿಂದೆ, ಬಿಸಿಲು ಬೀಳದ ಗೋಡೆ ಮೇಲಿದ್ದರೆ ಚಿಂತೆಯಿಲ್ಲ.

ಇಂಕ್ ಡೈಯೋ ಪಿಗ್ಮೆಂಟೋ, ಕಂಪನಿಯದ್ದೋ ಅಲ್ಲವೋ ಅಂತ ಮೊದಲೇ ಕೇಳಿ, ಬಿಲ್‌ನಲ್ಲಿ ಬರೆಸಿಕೊಳ್ಳಿ. ಅದೇ ಪೇಪರಿನಲ್ಲಿ ಮುಖ ಮತ್ತು ಬಿಳಿ ಬಟ್ಟೆ ಎರಡೂ ಬರುವ ಹಾಗೆ ಒಂದು ಸಣ್ಣ ತುಂಡು ಪ್ರಿಂಟ್ ಹಾಕಿಸಿ. ಅದು ಒಣಗಲಿ, ಆಮೇಲೆ ಅಂಗಡಿ ಹೊರಗೆ ಹಗಲು ಬೆಳಕಲ್ಲಿ ನೋಡಿ. ದೊಡ್ಡದಕ್ಕೆ ಅಡ್ವಾನ್ಸ್ ಅದಾದ ಮೇಲೆ. ಇದಕ್ಕೆ ಒಪ್ಪದಿದ್ದರೆ ಪೆನ್‌ಡ್ರೈವ್ ಇಸ್ಕೊಂಡು ಮುಂದಿನ ಅಂಗಡಿಗೆ ನಡೆಯಿರಿ.