ಟೈಮ್ ಟ್ರಾವೆಲ್ ಸಿನಿಮಾಗಳು: ಯಾವುದರ ಲೆಕ್ಕ ಕೂಡುತ್ತದೆ, ಯಾವುದನ್ನು ನೋಡಬೇಕು?

ಟೈಮ್ ಟ್ರಾವೆಲ್ ಸಿನಿಮಾ ಅಂದ ಕೂಡಲೇ ಎರಡು ಥರದವರು ಎದುರಾಗುತ್ತಾರೆ. "ಅದೆಲ್ಲ ಬುರುಡೆ, ತಲೆಬುಡ ಇರಲ್ಲ" ಅನ್ನುವವರು ಒಂದು ಕಡೆ. "ಲಾಜಿಕ್ ಎಲ್ಲ ಯಾಕೆ ಬೇಕು, ಸುಮ್ಮನೆ ನೋಡು" ಅನ್ನುವವರು ಇನ್ನೊಂದು ಕಡೆ. ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಈ ಜಾತಿಯ ಕೆಲವು ಸಿನಿಮಾಗಳು ಕೆದಕಿದಷ್ಟೂ ಗಟ್ಟಿಯಾಗುತ್ತವೆ. ಕೆಲವು ಮುಟ್ಟಿದರೆ ಉದುರುತ್ತವೆ, ಆದರೂ ಟೀವಿಯಲ್ಲಿ ಬಂದರೆ ಚಾನೆಲ್ ಬದಲಾಯಿಸಲು ಮನಸ್ಸಾಗುವುದಿಲ್ಲ.

ಹಾಗಾಗಿ ನಾಲ್ಕನ್ನು ಪಕ್ಕಪಕ್ಕ ಇಟ್ಟು ಮತ್ತೆ ನೋಡಿದೆ: 'ಬ್ಯಾಕ್ ಟು ದ ಫ್ಯೂಚರ್' (1985), '12 ಮಂಕೀಸ್' (1995), 'ಪ್ರೈಮರ್' (2004), ಮತ್ತು ತೆಲುಗಿನ 'ಆದಿತ್ಯ 369' (1991). ಜೊತೆಗೆ ಕೂತವರು ಅಮ್ಮ ಮತ್ತು ಪಿಯುಸಿ ಓದುತ್ತಿರುವ ಅಕ್ಕನ ಮಗ. ಅವನದು ಪ್ರಶ್ನೆ ಕೇಳುವ ಕೆಲಸ, ಅಮ್ಮನದು ತೀರ್ಪು ಕೊಡುವ ಕೆಲಸ. ನಾನು ನೋಡಿದ್ದು ಇಷ್ಟೇ: ಸಿನಿಮಾ ತಾನೇ ಹಾಕಿಕೊಂಡ ನಿಯಮಕ್ಕೆ ಕೊನೆಯವರೆಗೂ ಬದ್ಧವಾಗಿರುತ್ತದೆಯೇ? ಇರದಿದ್ದರೂ ಇನ್ನೊಮ್ಮೆ ನೋಡುವ ಆಸೆ ಹುಟ್ಟಿಸುತ್ತದೆಯೇ? ಕೆಳಗೆ ಕಥೆಯ ಗುಟ್ಟು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿದ್ದೇನೆ, ಕೊನೆಗಳನ್ನು ಮಾತ್ರ ಆದಷ್ಟು ಮುಚ್ಚಿಟ್ಟಿದ್ದೇನೆ.

ಮೊದಲು ವಿಜ್ಞಾನದ ಮಾತು ಮುಗಿಸಿಬಿಡೋಣ. ಭವಿಷ್ಯಕ್ಕೆ ಹೋಗುವುದರಲ್ಲಿ ಬುರುಡೆ ಏನೂ ಇಲ್ಲ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಸೀಸಿಯಂ ಗಡಿಯಾರಗಳನ್ನು (ಅತಿ ನಿಖರವಾದ ಪರಮಾಣು ಗಡಿಯಾರಗಳು) ವಿಮಾನದಲ್ಲಿಟ್ಟು ಭೂಮಿ ಸುತ್ತಿಸಿದರು. ಇಳಿದು ನೋಡಿದಾಗ ನೆಲದ ಗಡಿಯಾರಕ್ಕೂ ಅವಕ್ಕೂ, ವೇಗಕ್ಕೂ ಗುರುತ್ವಕ್ಕೂ ತಕ್ಕಂತೆ ಕಾಲದ ಓಟ ಬದಲಾಗುತ್ತದೆ ಎಂಬ ಐನ್‌ಸ್ಟೈನ್ ಲೆಕ್ಕದಂತೆಯೇ, ನ್ಯಾನೋಸೆಕೆಂಡುಗಳ ವ್ಯತ್ಯಾಸವಿತ್ತು. ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಹೋದರೆ ಫೋನಿನ ಮ್ಯಾಪ್ ನಮ್ಮನ್ನು ಪಕ್ಕದೂರಿಗೆ ಕಳಿಸುತ್ತದೆ. ನಮಗಂತೂ ಈ ಕಥೆ ಹೊಸದಲ್ಲ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಸಂಗೀತ ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳಿರಲಿ, ಅವರ ವಂಶದ ಹೆಸರೂ ಉಳಿದಿರುವುದಿಲ್ಲ. 'ಇಂಟರ್‌ಸ್ಟೆಲ್ಲರ್' ಸಿನಿಮಾದಲ್ಲಿ ಆ ನೀರಿನ ಗ್ರಹದ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ಅಪ್ಪ ಅಂತರಿಕ್ಷ ನೌಕೆಗೆ ಮರಳಿ ಮಕ್ಕಳ ವಿಡಿಯೋಗಳನ್ನು ಒಂದರ ಹಿಂದೊಂದು ನೋಡುವ ಆ ಸಂಕಟ ಕಕುದ್ಮಿಯದೇ.

ತಕರಾರೆಲ್ಲ ಹಿಂದಕ್ಕೆ ಹೋಗುವುದರ ಬಗ್ಗೆ.

ಅಲ್ಲಿ ಸಿನಿಮಾದವರಿಗೆ ಮೂರು ದಾರಿ. ಹಿಂದೆ ಹೋಗಿ ಆದದ್ದನ್ನು ಬದಲಾಯಿಸಬಹುದು. ಹೋದರೂ ಏನೂ ಬದಲಾಗದು, ನೀನು ಹೋಗಿದ್ದೂ ಸೇರಿಯೇ ಇತಿಹಾಸ. ಅಥವಾ ನೀನು ಕೈಹಾಕಿದ ಕ್ಷಣ ಲೋಕ ಕವಲೊಡೆದು ಇನ್ನೊಂದು ಹುಟ್ಟುತ್ತದೆ. ಯಾವ ದಾರಿ ಹಿಡಿದರೂ ತಪ್ಪಿಲ್ಲ, ಒಂದನ್ನು ಹಿಡಿದು ನಡುವೆ ಇನ್ನೊಂದಕ್ಕೆ ಹಾರಿದರೆ ಮಾತ್ರ ಜಗಳ.

'ಬ್ಯಾಕ್ ಟು ದ ಫ್ಯೂಚರ್' ಮೊದಲ ದಾರಿಯದು. ಇಲ್ಲಿ ಡಿಲೋರಿಯನ್ ಕಾರೇ ಕಾಲಯಂತ್ರ, ಅದರಲ್ಲಿ 1985ರಿಂದ 1955ಕ್ಕೆ ಹೋಗಿ ಸಿಕ್ಕಿಕೊಳ್ಳುವ ಹುಡುಗ ಮಾರ್ಟಿ. ಕಾರು ಗಂಟೆಗೆ 88 ಮೈಲಿ ಮುಟ್ಟಬೇಕು, 1.21 ಗಿಗಾವಾಟ್ ವಿದ್ಯುತ್ ಬೇಕು. 1955ರಲ್ಲಿ ಪ್ಲುಟೋನಿಯಂ ಸಿಗುವುದಿಲ್ಲ, ಆದ್ದರಿಂದ ನವೆಂಬರ್ 12ರ ರಾತ್ರಿ 10:04ಕ್ಕೆ ಗಡಿಯಾರದ ಗೋಪುರಕ್ಕೆ ಬಡಿಯಲಿರುವ ಸಿಡಿಲೇ ಗತಿ. ಇಲ್ಲಿಯವರೆಗೆ ಎಲ್ಲ ಚೊಕ್ಕ. ಆದರೆ ಆ ಫೋಟೋ! ಅಪ್ಪ ಅಮ್ಮ ಒಂದಾಗದೆ ಹೋಗುವ ಅಪಾಯ ಬಂದಾಗ ಮಾರ್ಟಿಯ ಕೈಯಲ್ಲಿರುವ ಫೋಟೋದಲ್ಲಿ ಅಣ್ಣನ ತಲೆ ಮೊದಲು ಮಾಯವಾಗುತ್ತದೆ, ಆಮೇಲೆ ಉಳಿದ ದೇಹ, ಆಮೇಲೆ ಅಕ್ಕ. ಹುಟ್ಟೇ ಇಲ್ಲದವನು ಕಂತಿನಲ್ಲಿ ಅಳಿಸಿಹೋಗುವುದು ಯಾವ ನ್ಯಾಯ? ಹೋಗುವುದಾದರೆ ಎಲ್ಲರೂ ಒಟ್ಟಿಗೇ ಹೋಗಬೇಕು, ಫೋಟೋ ತೆಗೆದವರೂ ಇರಬಾರದು. ಅಕ್ಕನ ಮಗ ಇದಕ್ಕಿಂತ ಮೊನಚಾದುದನ್ನು ಕೇಳಿದ: "ಮಾಮ, ಕೊನೇಲಿ ಇವ್ನು ವಾಪಸ್ ಬಂದಾಗ ಮನೆ ಎಲ್ಲ ಬದಲಾಗಿದೆ. ಸರಿ. ಆ ಒಳ್ಳೇ ಮನೇಲೇ ಹುಟ್ಟಿ ಬೆಳೆದ ಮಾರ್ಟಿ ಎಲ್ಲಿ ಹೋದ?" ಅವನು ಕಾರು ಹತ್ತಿ ಹಿಂದಕ್ಕೆ ಹೋಗುವುದನ್ನು ನಮ್ಮ ಮಾರ್ಟಿ ದೂರದಿಂದ ಕಣ್ಣಾರೆ ನೋಡುತ್ತಾನೆ. ಹೋದವನು ಏನಾದನೆಂದು ಸಿನಿಮಾ ಬಾಯಿ ಬಿಡುವುದಿಲ್ಲ. ನನ್ನ ಹತ್ತಿರವೂ ಉತ್ತರವಿರಲಿಲ್ಲ. ಬೆಳೆದ ಮನೆ, ಅಪ್ಪ ಅಮ್ಮನ ನೆನಪು, ಎಲ್ಲವೂ ಹೊರಗಿನವನಿಗೆ ಸಿಕ್ಕಿ, ಮನೆಯ ಹುಡುಗ ಕಾಣೆಯಾದ ಕಥೆ ಇದು, ಯೋಚಿಸಿದರೆ ಸ್ವಲ್ಪ ಭಯವೇ ಆಗುತ್ತದೆ.

ಇಷ್ಟಾದರೂ ನಾಲ್ಕರಲ್ಲಿ ಇದನ್ನೇ ನಾನು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಕಾರಣ ಚಿತ್ರಕಥೆ. ಆರಂಭದಲ್ಲಿ ಮಾಲ್‌ನ ಹೆಸರು 'ಟ್ವಿನ್ ಪೈನ್ಸ್', ಜೋಡಿ ಪೈನ್ ಮರ. ಮಾರ್ಟಿ 1955ಕ್ಕೆ ಬಂದಿಳಿದ ಗಡಿಬಿಡಿಯಲ್ಲಿ ಒಂದು ಸಸಿಯ ಮೇಲೆ ಕಾರು ಹರಿಸುತ್ತಾನೆ. ಅವನು ಮರಳಿದಾಗ ಬೋರ್ಡಿನ ಮೇಲೆ 'ಲೋನ್ ಪೈನ್' ಅಂತಿದೆ. ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಇಂಥ ಬಿತ್ತನೆ ಕೊಯ್ಲು ಸಿನಿಮಾದ ತುಂಬ ಇದೆ. ಫೋಟೋದ ತರ್ಕ ಸೋತರೂ ಅದು ಒಂದು ಕೆಲಸ ಮಾಡುತ್ತದೆ: ಎಷ್ಟು ಹೊತ್ತು ಉಳಿದಿದೆ ಎಂದು ಪುಟ್ಟ ಮಗುವಿಗೂ ಗೊತ್ತಾಗುತ್ತದೆ. ನಿರ್ದೇಶಕ ರಾಬರ್ಟ್ ಝೆಮೆಕಿಸ್ ತರ್ಕವನ್ನು ತಿಳಿದೇ ಮಾರಿ ಆತಂಕವನ್ನು ಕೊಂಡಿದ್ದಾರೆ. ನನ್ನ ಪ್ರಕಾರ ಒಳ್ಳೆಯ ವ್ಯಾಪಾರ.

'12 ಮಂಕೀಸ್' ಎರಡನೇ ದಾರಿ. ವೈರಸ್ಸಿನಿಂದ 500 ಕೋಟಿ ಜನ ಸತ್ತಿದ್ದಾರೆ, ಉಳಿದವರು ನೆಲದಡಿ ಬದುಕುತ್ತಿದ್ದಾರೆ. ಬ್ರೂಸ್ ವಿಲ್ಲಿಸ್ ಮಾಡಿರುವ ಕೈದಿ ಕೋಲ್‌ನನ್ನು ವಿಜ್ಞಾನಿಗಳು 1996ಕ್ಕೆ ಕಳಿಸಲು ಹೋಗಿ 1990ಕ್ಕೆ ಕಳಿಸುತ್ತಾರೆ. ನೇರವಾಗಿ ಹುಚ್ಚಾಸ್ಪತ್ರೆಗೆ ಬೀಳುತ್ತಾನೆ. ಇನ್ನೊಂದು ಸಲವಂತೂ ಮೊದಲ ಮಹಾಯುದ್ಧದ ಕಂದಕದಲ್ಲಿ ಬೆತ್ತಲೆ ಬಂದು ಬಿದ್ದು ಕಾಲಿಗೆ ಗುಂಡು ತಿನ್ನುತ್ತಾನೆ. ಮುಂದೆ ಅದೇ ಗುಂಡು ಅವನ ಮಾತು ನಿಜವೆಂಬುದಕ್ಕೆ ಸಾಕ್ಷಿಯಾಗುವ ರೀತಿ ಬಹಳ ಚೆನ್ನಾಗಿದೆ.

ಈ ಸಿನಿಮಾದ ಜಾಣತನ ಇರುವುದು ಕೋಲ್‌ಗೆ ಕೊಟ್ಟ ಕೆಲಸದಲ್ಲಿ. ಅವನನ್ನು ಲೋಕ ಉಳಿಸಲು ಕಳಿಸಿಲ್ಲ. ವೈರಸ್ ಇನ್ನೂ ರೂಪ ಬದಲಿಸದೆ ಮೂಲ ಸ್ಥಿತಿಯಲ್ಲಿದ್ದದ್ದು ಎಲ್ಲಿ ಎಂದು ಪತ್ತೆ ಮಾಡಿ ತಿಳಿಸಿದರೆ ಸಾಕು, ಔಷಧಿ ಹುಡುಕುವುದು ಭವಿಷ್ಯದವರ ಪಾಲು. ಆದದ್ದು ಆಗಿಹೋಗಿದೆ, ನಾನು ಯಾರನ್ನೂ ಉಳಿಸಲಾರೆ ಎಂದು ಕೋಲ್ ಬಂದ ಕೂಡಲೇ ವೈದ್ಯರಿಗೆ ಹೇಳುತ್ತಾನೆ. ನಿಮ್ಮ ಅಜ್ಜನನ್ನು ನೀವೇ ಕೊಂದರೆ ನೀವು ಹುಟ್ಟಿದ್ದು ಹೇಗೆ ಎಂಬ ಹಳೆಯ ಕೊಂಕು ಇಲ್ಲಿ ಹತ್ತಿರವೇ ಸುಳಿಯುವುದಿಲ್ಲ. ರಷ್ಯದ ಭೌತವಿಜ್ಞಾನಿ ನೋವಿಕೋವ್ ಹೇಳಿದ ನಿಯಮವೂ ಇದೇ: ಹಿಂದಕ್ಕೆ ಹೋಗಲು ಸಾಧ್ಯವಾದರೂ, ನಡೆಯುವುದೆಲ್ಲ ಈಗಾಗಲೇ ನಡೆದಿರುವುದಕ್ಕೆ ಹೊಂದಿಕೊಂಡೇ ನಡೆಯಬೇಕು.

ಅಮ್ಮನಿಗೆ ನೋವಿಕೋವ್ ಬೇಕಾಗಲಿಲ್ಲ. ಮುಕ್ಕಾಲು ಸಿನಿಮಾ ಆಗುವಷ್ಟರಲ್ಲಿ "ಇದು ಪರೀಕ್ಷಿತನ ಕಥೆ ಕಣೋ" ಅಂದಳು. ಏಳು ದಿನಕ್ಕೆ ತಕ್ಷಕ ಕಚ್ಚುತ್ತಾನೆಂಬ ಶಾಪ ಕೇಳಿ ಪರೀಕ್ಷಿತ ಒಂಟಿ ಕಂಬದ ಮೇಲೆ ಮಹಲು ಕಟ್ಟಿಸಿ, ವೈದ್ಯರನ್ನೂ ಮಂತ್ರ ಬಲ್ಲವರನ್ನೂ ಸುತ್ತ ಇಟ್ಟುಕೊಂಡು ಕೂತ. ತಕ್ಷಕ ಹಣ್ಣಿನೊಳಗೆ ಹುಳುವಾಗಿ ಬಂದ. ತಪ್ಪಿಸಿಕೊಳ್ಳಲು ಮಾಡುವ ಉಪಾಯವೇ ದಾರಿಯ ಒಂದು ಭಾಗವಾಗುವ ಕಥೆಗಳನ್ನು ಕೇಳಿ ಬೆಳೆದವರು ನಾವು, ಕಂಸನದೂ ಅದೇ. ನಾಲ್ಕರಲ್ಲಿ ವಿವರಣೆ ಬೇಕಿಲ್ಲದೆ ಅಮ್ಮನಿಗೆ ಅರ್ಥವಾದದ್ದು, ಎಲ್ಲರೂ ಕಷ್ಟ ಅನ್ನುವ ಈ ಸಿನಿಮಾನೇ. ಕೊನೆಯಲ್ಲಿ ವಿಮಾನದೊಳಗೆ ಒಂದು ಸಣ್ಣ ದೃಶ್ಯವಿದೆ, ಮುಗಿಯಿತೆಂದು ಏಳಬೇಡಿ. ವಿಜ್ಞಾನಿಗಳ ಉದ್ದೇಶ ಈಡೇರಿತೇ ಇಲ್ಲವೇ ಎಂಬುದಕ್ಕೆ ಉತ್ತರ ಅಲ್ಲಿದೆ.

ಇನ್ನು 'ಪ್ರೈಮರ್'. ಸುಮಾರು 7,000 ಡಾಲರ್‌ನಲ್ಲಿ ತೆಗೆದ 77 ನಿಮಿಷದ ಸಿನಿಮಾ. ಬರೆದು, ನಿರ್ದೇಶಿಸಿ, ನಟಿಸಿ, ಸಂಕಲನ ಮಾಡಿ, ಸಂಗೀತವನ್ನೂ ಕೊಟ್ಟವರು ಶೇನ್ ಕರೂತ್ ಒಬ್ಬರೇ. 2004ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ದೊಡ್ಡ ಬಹುಮಾನ ಇದಕ್ಕೇ ಬಂತು. ಗ್ಯಾರೇಜಿನಲ್ಲಿ ಏನೋ ಸಾಧನ ಮಾಡಲು ಹೋದ ಇಬ್ಬರು ಇಂಜಿನಿಯರ್‌ಗಳಿಗೆ ಆಕಸ್ಮಿಕವಾಗಿ ಕಾಲಯಂತ್ರ ಸಿಗುತ್ತದೆ. ಮಿಂಚು, ಸುಳಿ, ಹೊಗೆ ಯಾವುದೂ ಇಲ್ಲ. ಮನುಷ್ಯ ಮಲಗುವಷ್ಟು ದೊಡ್ಡ ಒಂದು ಪೆಟ್ಟಿಗೆ, ಅಷ್ಟೇ.

ಅದರ ನಿಯಮ ಅದ್ಭುತ. ಬೆಳಿಗ್ಗೆ 9ಕ್ಕೆ ಪೆಟ್ಟಿಗೆ ಆನ್ ಮಾಡಿ ದೂರ ಹೋಗುತ್ತೀರಿ. ಮಧ್ಯಾಹ್ನ 3ಕ್ಕೆ ಬಂದು ಒಳಗೆ ಮಲಗುತ್ತೀರಿ. ಆರು ಗಂಟೆ ಒಳಗೇ ಕಳೆದು ಹೊರಬಂದರೆ ಬೆಳಗಿನ 9. ಎಷ್ಟು ಹಿಂದೆ ಹೋಗಬೇಕೋ ಅಷ್ಟೂ ಹೊತ್ತನ್ನು ನಿಮ್ಮ ಆಯಸ್ಸಿನಿಂದಲೇ ಕೊಡಬೇಕು. ಈಗ ಆ ದಿನ ನೀವು ಇಬ್ಬರು. ಮೊದಲನೆಯವನು ಎರಡನೆಯವನಿಗೆ ಎದುರಾಗಬಾರದು, ಅದಕ್ಕಾಗಿ ಆ ಆರು ಗಂಟೆ ಫೋನ್ ಬಂದ್ ಮಾಡಿಕೊಂಡು ಹೋಟೆಲ್ ರೂಮಿನಲ್ಲಿ ಕೂರುತ್ತಾನೆ. ಬಂದವನು ಷೇರು ಪೇಟೆಯಲ್ಲಿ ದುಡ್ಡು ಮಾಡುತ್ತಾನೆ. ಪೆಟ್ಟಿಗೆ ಆನ್ ಆದ ಕ್ಷಣಕ್ಕಿಂತ ಹಿಂದೆ ಹೋಗಲು ಸಾಧ್ಯವೇ ಇಲ್ಲ.

ಈ ಕೊನೆಯ ಷರತ್ತು ಸಿನಿಮಾದವರ ಸ್ವಂತ ಕಲ್ಪನೆ ಮಾತ್ರ ಅಲ್ಲ. 1988ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಜೊತೆಗಾರರು ವರ್ಮ್‌ಹೋಲ್ (ದೇಶಕಾಲದ ಎರಡು ಕಡೆಗಳನ್ನು ಜೋಡಿಸುವ ಸುರಂಗ) ಬಳಸಿ ಲೆಕ್ಕ ಹಾಕಿದ ಕಾಲಯಂತ್ರಕ್ಕೂ ಇದೇ ಮಿತಿ: ಯಂತ್ರ ಸಿದ್ಧವಾಗುವ ಮೊದಲಿನ ಕಾಲಕ್ಕೆ ಹೋಗಲಾಗದು. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಭವಿಷ್ಯದವರಿಗೆಂದು ಪಾರ್ಟಿ ಇಟ್ಟು, ಆಹ್ವಾನವನ್ನು ಪಾರ್ಟಿ ಮುಗಿದ ಮೇಲೆ ಪ್ರಕಟಿಸಿದರು. ಯಾರೂ ಬರಲಿಲ್ಲ. ಹಿಂದಕ್ಕೆ ಹೋಗುವುದು ಅಸಾಧ್ಯ ಎಂಬುದಕ್ಕೆ ಅದು ಪುರಾವೆ ಎಂದು ಅವರು ತಮಾಷೆ ಮಾಡಿದರು. 'ಪ್ರೈಮರ್' ಲೆಕ್ಕದಲ್ಲಿ ಅದು ಪುರಾವೆಯಾಗದು, ಆ ದಿನ ಪೆಟ್ಟಿಗೆ ಆನ್ ಇರಲಿಲ್ಲ ಅಷ್ಟೇ.

ಆದರೆ ನೋಡುವ ಸುಖ? ಪಾತ್ರಗಳು ತಮ್ಮತಮ್ಮಲ್ಲೇ ಗೊಣಗುತ್ತವೆ, ನಮಗಾಗಿ ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲ. ಅಮ್ಮ ಅರ್ಧಕ್ಕೇ ಎದ್ದು ಹೋದಳು. ಕೊನೆಯ ಭಾಗದಲ್ಲಿ ಇಬ್ಬರು ಇಂಜಿನಿಯರ್‌ಗಳಲ್ಲಿ ಒಬ್ಬನಾದ ಆರನ್‌ನ ಪ್ರತಿಗಳಲ್ಲಿ ಯಾವ ಆರನ್ ಎಷ್ಟನೆಯವನು ಎಂದು ಹಾಳೆ ಪೆನ್ನು ಇಲ್ಲದೆ ಹೇಳಲಾಗದು. ತಮ್ಮದೇ ಪ್ರತಿಗಳನ್ನು ಪೆಟ್ಟಿಗೆಗೆ ಹೋಗದಂತೆ ತಡೆಯಲು ಶುರು ಮಾಡಿದ ಮೇಲೆ ಆ ಚಂದದ ನಿಯಮವೂ ಬಿರುಕು ಬಿಡುತ್ತದೆ. ಸಿನಿಮಾಗೆ ಅದು ಗೊತ್ತಿದೆ: ಕಿವಿಯಿಂದ ರಕ್ತ ಬರುತ್ತದೆ, ಕೈಬರಹ ಕೆಡುತ್ತದೆ. ನನಗೆ ಇಷ್ಟವಾದದ್ದು ಬೇರೆ. ಸ್ನೇಹ ಮುರಿಯುವುದು ಭೌತಶಾಸ್ತ್ರದಿಂದಲ್ಲ, ಅವನು ನನಗೆ ಹೇಳದೆ ಒಂದು ಸುತ್ತು ಹೆಚ್ಚು ಹೋಗಿ ಬಂದಿರಬಹುದೆಂಬ ಅನುಮಾನದಿಂದ.

'ಆದಿತ್ಯ 369'ರಲ್ಲಿ ಹುಡುಕಿದರೂ ನಿಯಮ ಸಿಗುವುದಿಲ್ಲ, ಹಾಗಾಗಿ ಮುರಿಯುವ ಪ್ರಶ್ನೆಯೂ ಇಲ್ಲ. ಯಂತ್ರ ಹತ್ತಿದರು, 1526ರ ಕೃಷ್ಣದೇವರಾಯನ ಕಾಲಕ್ಕೆ ಬಂದರು, ಅಲ್ಲಿಂದ 2504ಕ್ಕೆ ಹೋದರು. ಆ ಭವಿಷ್ಯದ ಭಾಗ ಇವತ್ತಿಗೆ ರಟ್ಟಿನ ಸೆಟ್‌ನಂತೆ ಕಾಣುತ್ತದೆ, ಫಾಸ್ಟ್ ಫಾರ್ವರ್ಡ್ ಮಾಡಿದರೆ ನಷ್ಟವಿಲ್ಲ. ವಿಜಯನಗರದ ಭಾಗ ಮಾತ್ರ ಈಗಲೂ ಮಜ. ನಮಗೆ 'ಹಾಲು ಜೇನು', 'ಶ್ರಾವಣ ಬಂತು' ಕೊಟ್ಟ ಸಿಂಗೀತಂ ಶ್ರೀನಿವಾಸರಾವ್ ಅವರದೇ ಸಿನಿಮಾ ಇದು, ರಾಯನೂ ನಾಯಕನೂ ಬಾಲಕೃಷ್ಣ ಅವರೇ. ಹಂಪಿಯಲ್ಲಿ ಕಲ್ಲು ಮಾತ್ರ ನೋಡಿದ ಮಕ್ಕಳಿಗೆ ಅಲ್ಲಿ ಜನ ಓಡಾಡುತ್ತಿದ್ದರು ಎಂದು ತೋರಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ನೋಡುತ್ತ ಒಂದು ಅನುಮಾನ ಬಂತು: ಇಂದಿನ ಬೆಂಗಳೂರಿನವರು 1526ರ ಹಂಪಿಯಲ್ಲಿಳಿದರೆ ಮಾತು ತಿಳಿದೀತೇ? ಪುರಂದರದಾಸರ ಕೀರ್ತನೆ ಆ ಕಾಲದ್ದೇ, ಅದು ನಮಗೆ ಅರ್ಥವಾಗುತ್ತದೆ. ನಮ್ಮ ಕನ್ನಡ ಅವರಿಗೆ ಅರ್ಥವಾಗುವುದೇ ಕಷ್ಟ.

ದಕ್ಷಿಣದ್ದೇ ಆದ ತಮಿಳಿನ 'ಇಂಡ್ರು ನೇಟ್ರು ನಾಳೈ' (2015) ತರ್ಕದಲ್ಲಿ ಇದಕ್ಕಿಂತ ಎಷ್ಟೋ ಮೇಲು. ಯಂತ್ರ ಸಿಕ್ಕ ಇಬ್ಬರು ಗೆಳೆಯರು ಅದನ್ನಿಟ್ಟುಕೊಂಡು ಜ್ಯೋತಿಷ್ಯದ ಅಂಗಡಿ ತೆರೆಯುತ್ತಾರೆ! ನಮ್ಮವರ ಕೈಗೆ ಕಾಲಯಂತ್ರ ಸಿಕ್ಕರೆ ನಿಜಕ್ಕೂ ಆಗುವುದೇ ಇದು. ಕನ್ನಡದ 'ಬ್ಲಿಂಕ್' (2024) ಕೂಡ ಪಟ್ಟಿಯಲ್ಲಿರಲಿ. ಕಾಲಪ್ರಯಾಣವನ್ನು ಕಣ್ಣು ಮಿಟುಕಿಸದೆ ಇರುವುದಕ್ಕೆ ಗಂಟು ಹಾಕಿರುವ ಆ ಕಲ್ಪನೆಯಲ್ಲಿ ಖರ್ಚು ಕಡಿಮೆ, ಬಿಗಿ ಹೆಚ್ಚು.

ಮೂರನೇ ದಾರಿ, ಅಂದರೆ ಕವಲು ಲೋಕದ ಲೆಕ್ಕ, ಕಾಗದದ ಮೇಲೆ ಎಲ್ಲಕ್ಕಿಂತ ಸುರಕ್ಷಿತ. 'ಅವೆಂಜರ್ಸ್: ಎಂಡ್‌ಗೇಮ್' (2019) ಅದನ್ನೇ ಹಿಡಿದು, ಹಿಂದಿನದನ್ನು ಬದಲಾಯಿಸಿದರೆ ಇಂದು ಬದಲಾಗುತ್ತದೆ ಎಂದು ನಂಬಿದವರನ್ನು ಗೇಲಿ ಮಾಡುತ್ತದೆ. ಕೊನೆಯಲ್ಲಿ ಬೆಂಚಿನ ಮೇಲೆ ಮುದುಕನಾಗಿ ಕೂತ ನಾಯಕರಲ್ಲೊಬ್ಬ ಸ್ಟೀವ್ ರಾಜರ್ಸ್ ಯಾವ ಕವಲಿನಲ್ಲಿ ಬಾಳಿ ಬಂದ ಎಂಬ ಬಗ್ಗೆ ಮಾತ್ರ ಅದನ್ನು ಬರೆದವರೂ ನಿರ್ದೇಶಿಸಿದವರೂ ಹೊರಗೆ ಬೇರೆಬೇರೆ ಉತ್ತರ ಕೊಟ್ಟರು. ನನಗೆ ಈ ದಾರಿ ಒಗ್ಗದಿರಲು ಬೇರೆ ಕಾರಣವಿದೆ. ಸತ್ತವರನ್ನು ಇನ್ನೊಂದು ಲೋಕದಲ್ಲಿ ಉಳಿಸಿದರೆ ಈ ಲೋಕದಲ್ಲಿ ಅವರಿಗಾಗಿ ಅತ್ತವರಿಗೆ ಏನು ಸಿಕ್ಕಿತು?

ಯಾವುದರಿಂದ ಶುರು ಮಾಡಬೇಕು? ಮನೆಮಂದಿಯೆಲ್ಲ ಕೂತು ನೋಡುವುದಾದರೆ 'ಬ್ಯಾಕ್ ಟು ದ ಫ್ಯೂಚರ್', ಮಕ್ಕಳು ಚಿಕ್ಕವರಾದರೆ 'ಆದಿತ್ಯ 369'. ಒಂದನ್ನೇ ನೋಡುತ್ತೇನೆ ಅನ್ನುವವರಿಗೆ '12 ಮಂಕೀಸ್', ತರ್ಕವೂ ಸಂಕಟವೂ ಒಟ್ಟಿಗೆ ನಿಲ್ಲುವುದು ಅದರಲ್ಲೇ. 'ಪ್ರೈಮರ್' ಒಬ್ಬರೇ ಇದ್ದಾಗ, ಸಬ್‌ಟೈಟಲ್ ಹಾಕಿಕೊಂಡು. ಅಕ್ಕನ ಮಗ ಅದಕ್ಕೇ ಮೊದಲ ಸ್ಥಾನ ಕೊಟ್ಟು, ಪೆಟ್ಟಿಗೆಗಳ ಚಾರ್ಟ್ ಬರೆಯುತ್ತಿದ್ದಾನೆ. '12 ಮಂಕೀಸ್'ಗೆ ಪ್ರೇರಣೆಯಾದ ಫ್ರೆಂಚ್ ಸಿನಿಮಾ 'ಲಾ ಜೆಟೆ' (1962) ಕೂಡ ಇದೆ, ಬರೀ 28 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳಲ್ಲೇ ಹೇಳಿದ ಕಥೆ. ಚಿಕ್ಕದೆಂದು ಅದನ್ನು ಮೊದಲು ನೋಡಲು ಹೋಗಬೇಡಿ, '12 ಮಂಕೀಸ್'ನ ಕೊನೆ ನಿಮಗೆ ಮೊದಲೇ ಗೊತ್ತಾಗಿಬಿಡುತ್ತದೆ.