ಬೋರ್ಡ್ ಚೆನ್ನಾಗಿದೆ, ಒಂದು ‘ರ’ ಬಿಟ್ಟರೆ

ಆಲ್ದೂರಿನ ಹತ್ತಿರ ನಮ್ಮದೊಂದು ದಿನಸಿ ಅಂಗಡಿ. ಹಳೇ ಬೋರ್ಡಿನ ಬಣ್ಣ ಪೂರ್ತಿ ಹೋಗಿತ್ತು, ನಮ್ಮ ಕಡೆ ಮಳೆಗೆ ಯಾವ ಬಣ್ಣ ನಿಲ್ಲುತ್ತೆ ಹೇಳಿ. ಹೊಸದು ಮಾಡಿಸಲು ಚಿಕ್ಕಮಗಳೂರು ಪೇಟೆಯ ಒಂದು ಬೋರ್ಡ್ ಅಂಗಡಿಗೆ ಹೋದೆ. ಹೆಸರು ಬೇಡ, ಪಾಪ.

ಬಟವಾಡೆ ಆದ ಮೇಲೆ ಭಾನುವಾರ ನಮ್ಮಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಕಾಫಿ ತೋಟದ ಲೈನ್ ಮನೆಗಳ ಅಸ್ಸಾಂ ಜನ. ಸಾಸಿವೆ ಎಣ್ಣೆಗೆ ಅವರು ಮಿಠಾತೇಲ್ ಅನ್ನುತ್ತಾರೆ. ಮಿಠಾ ಅಂದ ಕೂಡಲೇ ನಾನು ಬೆಲ್ಲದ ಡಬ್ಬಕ್ಕೆ ಕೈ ಹಾಕುತ್ತಿದ್ದೆ. ಅದಕ್ಕೇ ಕನ್ನಡದ ಕೆಳಗೆ ಅವರ ಭಾಷೆಯಲ್ಲೂ ನಾಲ್ಕು ಸಾಮಾನಿನ ಹೆಸರು ಇರಲಿ ಅಂದುಕೊಂಡೆ.

ಕನ್ನಡದ ಕೆಲಸ ಸೂಪರ್. 8 ಅಡಿ ಅಗಲ, 3 ಅಡಿ ಎತ್ತರದ ಎಸಿಪಿ ಶೀಟ್, ಅಂದರೆ ಎರಡೂ ಕಡೆ ತೆಳು ಅಲ್ಯೂಮಿನಿಯಂ ಹೊದಿಸಿದ ಹಲಗೆ. 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಅಂತ ಅವರೇ ಹೇಳಿ, ಟೇಪ್ ಹಿಡಿದು ಮೇಲಿನ 22 ಇಂಚು ಕನ್ನಡಕ್ಕೆ ಬಿಟ್ಟರು. ಒಂದು ಒತ್ತಕ್ಷರವೂ ಕೆಳಗಿನ ಸಾಲಿಗೆ ತಾಗಿಲ್ಲ.

ಎಡವಟ್ಟಾಗಿದ್ದು ಕೆಳಗಡೆ. ಅದರಲ್ಲಿ ಸ್ವಲ್ಪ ತಪ್ಪು ನನ್ನದೂ ಇದೆ. ಲಂಡನ್ನಿನ ವೈಟ್‌ಚಾಪೆಲ್ ಸ್ಟೇಷನ್ನಿನಲ್ಲಿ 2022ರಲ್ಲಿ ಇಂಗ್ಲಿಷ್ ಜೊತೆ ಬಂಗಾಳಿಯಲ್ಲೂ ಬೋರ್ಡ್ ಹಾಕಿದ್ದಾರಲ್ಲ, ಎರಡು ಭಾಷೆ ಹೇಗೆ ಕೂರಿಸಬೇಕು ಅಂತ ತೋರಿಸಲು ಅದರ ಫೋಟೋ ಮೊಬೈಲಿನಲ್ಲಿ ಕೊಟ್ಟಿದ್ದೆ. ಅಸ್ಸಾಮಿ ಅಂತ ಚೀಟಿಯಲ್ಲಿ ಬರೆದೂ ಕೊಟ್ಟಿದ್ದೆ. ಡಿಸೈನ್ ಮಾಡುವ ಹುಡುಗ ಚೀಟಿ ಬಿಟ್ಟು ಫೋಟೋ ಹಿಡಿದುಕೊಂಡ, ಅಸ್ಸಾಮಿ ಬದಲು ಬಂಗಾಳಿ ಅಕ್ಷರ ಹಾಕಿಬಿಟ್ಟ.

ಬೋರ್ಡ್ ಏರಿಸಿದ ಭಾನುವಾರವೇ ಒಬ್ಬ ಹುಡುಗ ಮಸೂರ್ ಬೇಳೆಯ ‘ರ’ ಕಡೆ ಬೆರಳು ತೋರಿಸಿ ನಕ್ಕ. ಎರಡೂ ಭಾಷೆಯ ಲಿಪಿ ಹೆಚ್ಚುಕಮ್ಮಿ ಒಂದೇ, ಆದರೆ ಬಂಗಾಳಿ ‘ರ’ಕ್ಕೆ ಕೆಳಗೆ ಚುಕ್ಕಿ, ಅಸ್ಸಾಮಿ ‘ರ’ಕ್ಕೆ ಹೊಟ್ಟೆಯೊಳಗೆ ಓರೆ ಗೀಟು. ನಮ್ಮ ‘ಪ’ ಒಳಗೆ ಗೀಟು ಎಳೆದರೆ ‘ಷ’ ಆಗುತ್ತಲ್ವಾ, ಹಾಗೆ.

ಫೋನ್ ಮಾಡಿದರೆ ಅಂಗಡಿಯವರು, “ಒಂದು ಚುಕ್ಕಿ ತಾನೇ ಸಾರ್, ಯಾರು ನೋಡ್ತಾರೆ?” ಅಂದರು. ನೋಡುವವರಿಗೇ ಅಲ್ವಾ ಹಾಕಿಸಿದ್ದು! ಒಂದು ವಾರ ಸತಾಯಿಸಿ ಕೊನೆಗೆ ಸರಿ ಮಾಡಿದರು, ಸ್ಟಿಕ್ಕರಿಗೆ ಮತ್ತೆ 150 ರೂಪಾಯಿ ತಗೊಂಡರು. ತೇಪೆಯ ಬಿಳಿ ಬೇರೆ, ಬೋರ್ಡಿನ ಬಿಳಿ ಬೇರೆ.

5ಕ್ಕೆ 3. ಬರೀ ಕನ್ನಡ ಬೋರ್ಡ್ ಆದರೆ ಧೈರ್ಯವಾಗಿ ಹೋಗಿ. ಬೇರೆ ಭಾಷೆಯೂ ಬೇಕಾದರೆ ಅದನ್ನು ಓದಲು ಬರುವವರನ್ನು ಪ್ರಿಂಟಿಗೆ ಮುಂಚೆ ಕರೆದುಕೊಂಡು ಹೋಗಿ ಕಂಪ್ಯೂಟರ್ ಮುಂದೆ ಕೂರಿಸಿ.