ಹದಿನೈದಕ್ಕೇ ನಿಂತುಬಿಡುವ ಪದ ಹುಡುಕುವ ಆ್ಯಪ್: ಮೂರು ವರ್ಷ ಬಳಸಿದ ಮೇಲೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಇಂಗ್ಲಿಷ್ ಟೀಚರ್ ಅಲ್ಲ. ನಮ್ಮದು ಕನ್ನಡ ಮಾಧ್ಯಮ. ಮಕ್ಕಳಿಗೆ ಉದ್ದುದ್ದ ಇಂಗ್ಲಿಷ್ ಪದಗಳ ಮೇಲಿರುವ ಹೆದರಿಕೆ ಹೋಗಲಿ ಅಂತ ಮೂರು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನಲ್ಲಿ ಒಂದು ಆಟ ಶುರು ಮಾಡಿದೆ. ಕೊಟ್ಟ ಅಕ್ಷರಗಳೆಲ್ಲ ಇರುವ ಇಂಗ್ಲಿಷ್ ಪದಗಳ ಪಟ್ಟಿ ತೋರಿಸುವ ಈ ಆ್ಯಪ್ ಹಾಕಿಕೊಂಡದ್ದು ಅದಕ್ಕೇ.

ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟು, ಅಡುಗೆಮನೆಯ ದೀಪ ಆರಿಸುವ ಮುಂಚೆ ಕಟ್ಟೆಗೆ ಒರಗಿ ನಿಂತು ಐದು ಅಕ್ಷರ ಆರಿಸುತ್ತೇನೆ. ಒಂದು ಅಕ್ಷರ ಬದಲಿಸಿ ಪಟ್ಟಿ ಹೇಗೆ ಕುಗ್ಗುತ್ತದೆ, ಹೇಗೆ ಹಿಗ್ಗುತ್ತದೆ ನೋಡುವುದು ನನಗೆ ದಿನದ ಕೊನೆಯ ಖುಷಿ. ಟಿ ತೆಗೆದು ಕ್ಯೂ ಹಾಕಿದರೆ ಪಟ್ಟಿ ಬಡವಾಗುತ್ತದೆ. ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಮುಂಚೆ ಬೋರ್ಡಿನ ಬಲಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೀಲಿ ಚಾಕ್‌ಪೀಸಿನಲ್ಲಿ ಐದು ಮನೆ ಬರೆದು, ಮನೆಗೊಂದು ಅಕ್ಷರ. ಮಕ್ಕಳು ತರುವ ಪದದಲ್ಲಿ ಐದೂ ಬರಬೇಕು, ಯಾವ ಕ್ರಮದಲ್ಲಾದರೂ ಸರಿ, ಬೇರೆ ಅಕ್ಷರ ಎಷ್ಟು ಬೇಕಾದರೂ ಸೇರಬಹುದು. ಮಧ್ಯಾಹ್ನ ಊಟದ ಹೊತ್ತಿಗೆ ಅತಿ ಉದ್ದದ ಪದ ತಂದವರು ತಾವೇ ಅದನ್ನು ಬೋರ್ಡಿನ ಮೇಲೆ ಬರೆಯಬಹುದು. ಬಹುಮಾನ ಅಷ್ಟೇ. ಅದಕ್ಕೆ ಎಷ್ಟು ಪೈಪೋಟಿ!

ಮೊದಲ ವಾರ ಒಂದು ತೊಡಕು. ಹುಡುಗನೊಬ್ಬ ‘ಚಾರಿಟಿ’ ಅಂದ, ಎಷ್ಟು ಅಕ್ಷರ ಅಂದರೆ ಮೂರು ಅಂದ. ಚಾ, ರಿ, ಟಿ. ಅವನ ಲೆಕ್ಕ ಕನ್ನಡದ ಲೆಕ್ಕ, ತಪ್ಪೇನಿಲ್ಲ. ಇಂಗ್ಲಿಷಿನಲ್ಲಿ ಬರೆಸಿದಾಗ ಏಳಾಯಿತು. ಕೇಳಿದ್ದಕ್ಕಿಂತ ಪದ ಉದ್ದವಿದೆ ಅನ್ನುವುದು ಅವತ್ತು ಇಡೀ ಕ್ಲಾಸಿಗೆ ಹೊಳೆಯಿತು.

ಆ್ಯಪ್ ಕೊಟ್ಟ ಸಂತೋಷಗಳನ್ನು ಮರೆಯಲಾರೆ. ‘ಬುಕ್‌ಕೀಪರ್’ ಒಳಗೆ ಓ, ಕೆ, ಇ ಎರಡೆರಡಾಗಿ ಒಂದರ ಹಿಂದೆ ಒಂದು ಸಾಲಾಗಿ ನಿಂತಿರುವುದನ್ನು ಇದರಲ್ಲೇ ಕಂಡೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಉಪಖಂಡ ಅಂತ ಓದುವ ಮಕ್ಕಳಿಗೆ ‘ಸಬ್‌ಕಾಂಟಿನೆಂಟಲ್’ ಬರೆದು ತೋರಿಸಿದೆ: ಯು, ಓ, ಐ, ಇ, ಎ, ಐದು ಸ್ವರಗಳೂ ಒಂದೊಂದೇ ಸಲ, ತಿರುಗುಮುರುಗಾಗಿ. ಮಕ್ಕಳು ಬೆರಳಿಟ್ಟು ಹಿಂದಿನಿಂದ ಮುಂದಕ್ಕೆ ಓದಿದರು. ಅವತ್ತು ಪಾಠ ಹತ್ತು ನಿಮಿಷ ತಡವಾಯಿತು, ಬೇಸರವಾಗಲಿಲ್ಲ.

ಜಾಹೀರಾತಿನ ಕಾಟಕ್ಕೆ ಎರಡನೇ ವರ್ಷದಿಂದ ದುಡ್ಡು ಕೊಟ್ಟೆ, ವರ್ಷಕ್ಕೆ 199 ರೂಪಾಯಿ. ನನ್ನ ಸಂಬಳದಲ್ಲಿ ಅದು ಭಾರವಲ್ಲ. ಒಂದೇ ಅಕ್ಷರ ಎರಡು ಸಲ ಬೇಕು ಅಂದರೆ ಅದಕ್ಕೆ ತಿಳಿಯುವುದಿಲ್ಲ. ಝಡ್ ಎರಡು ಕೇಳಿದರೂ ‘ಕ್ವಾರ್ಟ್ಸ್’ ತೋರಿಸುತ್ತದೆ. ಅದನ್ನೂ ಸಹಿಸಿಕೊಂಡೆ.

ಸಹಿಸಲಾಗದ್ದು ನಡೆದದ್ದು ಈ ವರ್ಷ. ಅವತ್ತಿನ ಅಕ್ಷರಗಳು ಸಿ, ಹೆಚ್, ಆರ್, ಟಿ, ವೈ. ‘ಕೆಮಿಸ್ಟ್ರಿ’ ಬಂತು, ‘ಸೈಕಿಯಾಟ್ರಿ’ ಬಂತು, ಒಬ್ಬ ‘ಬಯೋಕೆಮಿಸ್ಟ್ರಿ’ ತಂದು 12 ಅಂತ ಬೀಗಿದ. ಕೊನೆ ಬೆಂಚಿನ ಹುಡುಗಿ, ಬಾಯಿ ಬಿಡುವುದೇ ಅಪರೂಪ, ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದಳು. ಪೆನ್ಸಿಲಿನಲ್ಲಿ ‘ಅನ್‌ಕ್ಯಾರೆಕ್ಟರಿಸ್ಟಿಕಲಿ’. ಕೈಬೆರಳು ಸಾಲದೆ ಎರಡು ಸುತ್ತು ಎಣಿಸಿ, “ಇಪ್ಪತ್ತು, ಮೇಡಂ” ಅಂದಳು.

ಇಂಗ್ಲಿಷ್ ವ್ಯಾಕರಣದಲ್ಲಿ ಪ್ರತ್ಯಯಗಳ ಪಾಠ ಆಗಿತ್ತಂತೆ. ನನ್ನ ಕ್ಲಾಸಿನಲ್ಲಿ ಕೇಳಿದ್ದ ‘ಕ್ಯಾರೆಕ್ಟರಿಸ್ಟಿಕ್’ಗೆ ಅವಳು ಹಿಂದೊಂದು ಮುಂದೊಂದು ಸೇರಿಸಿದ್ದಳು. ಕನ್ನಡದ ಮಕ್ಕಳಿಗೆ ಇದೇನು ಹೊಸದಲ್ಲ, ‘ಮನೆಯವರಿಗಾಗಿಯೇ’ ಅಂತ ದಿನವೂ ಜೋಡಿಸುವ ನಾಲಿಗೆ. ನನಗೆ ಅನುಮಾನ. ತಲೆಬಾಲ ಅಂಟಿಸಿ ತಾನೇ ಒಂದು ಪದ ಕಟ್ಟಿದ್ದಾಳೆ ಅಂದುಕೊಂಡು ಆ್ಯಪ್‌ನಲ್ಲಿ ಬರೆದು ನೋಡಿದೆ. “ಈ ಪದ ಇಲ್ಲ” ಅಂತ ಕೆಂಪಕ್ಷರದಲ್ಲಿ ಬಂತು. “ಇಲ್ಲಮ್ಮ, ಇಂಥ ಪದ ಇಲ್ಲ” ಅಂದೆ. ಬೋರ್ಡಿನ ಮೇಲೆ ಬರೆದವನು ಬಯೋಕೆಮಿಸ್ಟ್ರಿ ಹುಡುಗ. ಅವಳು ಪುಟ ಮಡಚಿ ಕೂತಳು.

ಸಂಜೆ ಮನಸ್ಸು ಒಪ್ಪದೆ ಲೈಬ್ರರಿಯ ದಪ್ಪ ಡಿಕ್ಷನರಿ ತೆಗೆದೆ. ‘ಅನ್‌ಕ್ಯಾರೆಕ್ಟರಿಸ್ಟಿಕ್’ ಪದದ ಅರ್ಥ ಮುಗಿದ ಮೇಲೆ, ಸಾಲಿನ ಕೊನೆಯಲ್ಲಿ ಅವಳ ಪದ ಇತ್ತು. ಅಕ್ಷರ ಅಕ್ಷರವೂ ಸರಿ.

ಆಮೇಲೆ ನಾಲ್ಕು ರಾತ್ರಿ ಆ್ಯಪನ್ನು ಜಾಲಾಡಿದೆ. ಯಾವ ಅಕ್ಷರ ಕೊಟ್ಟರೂ ಪಟ್ಟಿಯ ನೆತ್ತಿಯಲ್ಲಿ ಸಿಗುವ ಪದ 15 ದಾಟುವುದೇ ಇಲ್ಲ. ‘ಎಲೆಕ್ಟ್ರೋಮ್ಯಾಗ್ನೆಟಿಕ್’ ಇದೆ, ಸರಿಯಾಗಿ 15. ‘ರೆಸ್ಪಾನ್ಸಿಬಿಲಿಟಿ’ ಇದೆ, 14. ಅದರ ಬಹುವಚನ 16 ಆಗುವುದರಿಂದ ಇಲ್ಲ! ‘ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ 16, ಅದೂ ಇಲ್ಲ. ದಿನಪತ್ರಿಕೆಯಲ್ಲಿ ಬರುವ ಪದಗಳಿವು.

ಕಾರಣ ಸ್ಕ್ರ್ಯಾಬಲ್, ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮನೆಗಳಲ್ಲಿಟ್ಟು ಪದ ಕಟ್ಟುವ ಆಟ. ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ರೂಪಿಸಿದ ಆ ಆಟದ ಬೋರ್ಡಿನಲ್ಲಿ ಅಡ್ಡಕ್ಕೆ 15 ಮನೆ, ಉದ್ದಕ್ಕೆ 15 ಮನೆ. ಅದಕ್ಕಿಂತ ಉದ್ದದ ಪದವನ್ನು ಇಡಲು ಜಾಗವೇ ಇಲ್ಲ, ಹಾಗಾಗಿ ಆಟಕ್ಕೆಂದು ಮಾಡಿದ ಪದಪಟ್ಟಿಗಳು 15ಕ್ಕೆ ನಿಲ್ಲುತ್ತವೆ. ಆಟಗಾರರಿಗೆ ಅದು ಸರಿಯೇ. ಆದರೆ ಅಂಥ ಪಟ್ಟಿ ಇಟ್ಟುಕೊಂಡು ‘ಉದ್ದದ ಪದ ಹುಡುಕಿ’ ಅಂತ ಮಾರುವುದು, ತನ್ನ ಪಟ್ಟಿಯಲ್ಲಿ ಇಲ್ಲದ್ದನ್ನು ಭಾಷೆಯಲ್ಲೇ ಇಲ್ಲ ಅನ್ನುವುದು ಅನ್ಯಾಯ. “ನಮ್ಮ ಪಟ್ಟಿ 15 ಅಕ್ಷರದವರೆಗೆ ಮಾತ್ರ” ಅಂತ ಒಂದು ಸಾಲು ಹಾಕಿದ್ದರೆ ನಾನು ಆ ಮಗುವಿಗೆ ಇಲ್ಲ ಅನ್ನುತ್ತಿರಲಿಲ್ಲ. ಆ್ಯಪ್‌ನವರಿಗೆ ಬರೆದೆ. ಹನ್ನೊಂದು ದಿನದ ಮೇಲೆ ಉತ್ತರ: ಪಟ್ಟಿ ಬೋರ್ಡ್ ಆಟದ್ದು, ಬದಲಿಸುವ ಯೋಚನೆ ಇಲ್ಲ. ಐದರಲ್ಲಿ ಎರಡು ನಕ್ಷತ್ರ ಕೊಟ್ಟಿರುವುದು ಆ ಉತ್ತರಕ್ಕೆ.

ತೆಗೆದುಹಾಕಿಲ್ಲ, ರಾತ್ರಿ ಅಕ್ಷರ ಆರಿಸಲು ಈಗಲೂ ಇದೇ ಬೇಕು. ಆದರೆ ತೀರ್ಪು ಹೇಳುವ ಕೆಲಸ ಅದರ ಕೈಯಿಂದ ಕಿತ್ತುಕೊಂಡಿದ್ದೇನೆ. ಈಗ ಕ್ಲಾಸಿನ ಮೇಜಿನ ಮೇಲೆ ಲೈಬ್ರರಿಯ ಡಿಕ್ಷನರಿ ಇರುತ್ತದೆ, ಮಕ್ಕಳೇ ಪುಟ ತಿರುವಿ ನೋಡುತ್ತಾರೆ.

ಡಿಕ್ಷನರಿ ನೋಡಿದ ಮಾರನೇ ದಿನವೇ ಕ್ಲಾಸಿನ ಮುಂದೆ “ನಿನ್ನೆ ತಪ್ಪು ನನ್ನದು” ಅಂದು ಚಾಕ್‌ಪೀಸು ಅವಳ ಕೈಗೆ ಕೊಟ್ಟೆ. ನನ್ನ ಮೂಲೆ ಸಾಲಲಿಲ್ಲ. ಪದ ಅರ್ಧ ಬೋರ್ಡಿನವರೆಗೆ ಬಂತು. ಅವತ್ತಿನ ಪಾಠವನ್ನು ಉಳಿದರ್ಧದಲ್ಲಿ ಬರೆದೆ.

ನೀವು ಇಂಥ ಆ್ಯಪ್‌ಗೆ ದುಡ್ಡು ಕೊಡುವ ಮುಂಚೆ ಅವಳ ಪದವನ್ನೇ ಅದರಲ್ಲಿ ಬರೆದು ನೋಡಿ.